ಬಾಳೆಹಣ್ಣಿನ ವ್ಯಾಜ್ಯದ ಅಧ್ಯಕ್ಷೆ

ಇನ್ನು ಸಾಕು ಎಂದು ತೆಲ್ಸೆ ಬ್ರೋಡರ್ಸನ್ ಆ ವರ್ಷ ಬೇಸಿಗೆಗೆ ಮುಂಚೆಯೇ ತೀರ್ಮಾನ ಮಾಡಿಬಿಟ್ಟಿದ್ದಳು. ಕೋರ್ಟಿನ ಕರಿ ನಿಲುವಂಗಿ ಬೀರು ಸೇರಿ ಎಷ್ಟೋ ಕಾಲವಾಗಿತ್ತು. ಆಮೇಲಿನದೆಲ್ಲ ಮಧ್ಯಸ್ಥಿಕೆಯ ಕೆಲಸ. ಕೋರ್ಟು ಬೇಡ, ನಮ್ಮ ಜಗಳ ನಾಲ್ಕು ಗೋಡೆಯೊಳಗೇ ತೀರಲಿ ಎಂದು ವ್ಯಾಪಾರಸ್ಥರು ಮೂವರನ್ನು ಆರಿಸಿ ಕೂರಿಸಿಕೊಳ್ಳುತ್ತಾರಲ್ಲ, ಆ ಮೂವರಲ್ಲಿ ಒಬ್ಬಳಾಗಿ, ಹೆಚ್ಚಿನ ಸಲ ಅಧ್ಯಕ್ಷೆಯಾಗಿ ಅವಳು ಕೂತಿದ್ದಳು. ತುಕ್ಕು ಹಿಡಿದ ಕ್ರೇನು, ನೆನೆದ ಕಾಫಿ ಬೀಜ, ಬಿರುಕು ಬಿಟ್ಟ ಹಡಗಿನ ತಳ, ಹುಳು ಬಿದ್ದ ಬಾದಾಮಿ, ಹೀಗೆ ಹ್ಯಾಂಬರ್ಗಿನ ಎಷ್ಟು ಮನೆತನಗಳ ಜಗಳ ಅವಳ ಮುಂದೆ ಹಾದುಹೋಗಿತ್ತೋ. ಒಂದನ್ನೂ ಹೊರಗೆ ಬಾಯಿಬಿಡುವಂತಿಲ್ಲ, ಅದು ಈ ಕಸುಬಿನ ಕಟ್ಟಳೆ. ಹಾಗಾಗಿ ಬೀಳ್ಕೊಡುಗೆ ಊಟದಲ್ಲಿ ಮಾತಾಡಲು ಎದ್ದವರಿಗೆಲ್ಲ ಪೇಚಾಟ. ಇಷ್ಟು ವರ್ಷ ಈಕೆ ಏನು ಮಾಡಿದಳು ಅಂತ ಒಬ್ಬರೂ ಹೇಳುವ ಹಾಗಿರಲಿಲ್ಲ. ಕೊನೆಗೆ, ಈಕೆ ಕಡತವನ್ನು ಮೊದಲ ಪುಟದಿಂದ ಕೊನೆಯ ಪುಟದ ತನಕ ನಿಜವಾಗಿಯೂ ಓದುತ್ತಾಳೆ ಅಂತ ಹೇಳಿ ಗ್ಲಾಸು ಎತ್ತಿದರು. ಎಲೆಕೋಸು ಬೆಳೆಯುವ ಕರಾವಳಿ ಹಳ್ಳಿಯಿಂದ ಮಣ್ಣು ಮೆತ್ತಿದ ಬೂಟಿನಲ್ಲಿ ಬಂದವಳಿಗೆ ಆ ಹೊಗಳಿಕೆ ಧಾರಾಳವಾಗಿ ಸಾಕಾಗಿತ್ತು.

ಆದರೂ ಮನಸ್ಸಿನಲ್ಲಿ ಒಂದು ಕೊಸರು ಉಳಿದಿತ್ತು. ಅವಳ ಕೊನೆಯ ಎರಡು ವ್ಯಾಜ್ಯಗಳೂ ಅರ್ಧಕ್ಕೇ ರಾಜಿಯಾಗಿ ನಿಂತುಹೋಗಿದ್ದವು. ರಾಜಿಯಾದರೆ ಒಳ್ಳೆಯದೇ, ಯಾರು ಬೇಡ ಅನ್ನುತ್ತಾರೆ. ಆದರೆ ಇಡೀ ಜಗಳವನ್ನು ಕೇಳಿ, ತೂಗಿ, ಕೂತು ತೀರ್ಪು ಬರೆದು, ಕೆಳಗೆ ಸಹಿ ಹಾಕಿ ಪೆನ್ನು ಮುಚ್ಚುವುದಿದೆಯಲ್ಲ, ಆ ಸುಖವನ್ನು ಇನ್ನೊಂದೇ ಒಂದು ಸಲ ಉಂಡು ಏಳಬೇಕು ಅಂತ ಅವಳಿಗೆ ಆಸೆ. ಬಾಣಸಿಗ ಕೊನೆಯ ದಿನವೂ ಒಂದು ಪೂರ್ತಿ ಅಡುಗೆ ಮಾಡಿಯೇ ಒಲೆ ಆರಿಸಬೇಕು ಅಂತ ಬಯಸುವುದಿಲ್ಲವೇ, ಹಾಗೆ.

ಅಕ್ಟೋಬರಿನಲ್ಲಿ ಬಾಳೆಹಣ್ಣಿನ ವ್ಯಾಜ್ಯ ಅವಳನ್ನು ಹುಡುಕಿಕೊಂಡು ಬಂತು.

ಟಿಮ್ಮರ್ಲೋ ಎನ್ನುವುದು ಹಣ್ಣು ತರಿಸುವ ಹಳೆಯ ಮನೆತನ. ಕ್ರೋಗ್ ಎನ್ನುವವರು ಅವರಿಗೆ ಬಾಳೆಹಣ್ಣು ಮಾಗಿಸುವ ಕೊಠಡಿಗಳನ್ನು ಕಟ್ಟಿಕೊಟ್ಟಿದ್ದರು. ಹಡಗಿನಿಂದ ಹಸಿರು ಕಾಯಿಯಾಗಿ ಇಳಿದದ್ದು ಆ ಕೊಠಡಿಗಳಲ್ಲಿ ಒಂದೇ ಹದದಲ್ಲಿ ಹಳದಿಯಾಗಿ ಹೊರಬರಬೇಕು. ಬಂದದ್ದು ಬೂದಿ ಬಣ್ಣದ್ದು. ಕೊಠಡಿ ಕೆಟ್ಟದ್ದು ಅಂತ ಟಿಮ್ಮರ್ಲೋ, ಕಾಯಿ ಬರುವಾಗಲೇ ಚಳಿ ಹೊಡೆದಿತ್ತು ಅಂತ ಕ್ರೋಗ್. ಎರಡು ಕಡೆಯವರೂ ಒಬ್ಬೊಬ್ಬ ಮಧ್ಯಸ್ಥನನ್ನು ಆರಿಸಿಕೊಂಡಿದ್ದರು. ಅಧ್ಯಕ್ಷ ಸ್ಥಾನಕ್ಕೆ ಮಾತ್ರ ಎರಡು ಕಡೆಯವರ ಬಾಯಲ್ಲೂ ಬಂದದ್ದು ಒಂದೇ ಹೆಸರು. ಕ್ರೋಗ್ ಕಡೆಯ ವಕೀಲ ರುಪ್ರೆಕ್ಟ್ ಫಾಲ್ಡೀಕ್ ಒಪ್ಪಿದ ಅಂದದ್ದೇ ತೆಲ್ಸೆಗೆ ಸೋಜಿಗ. ಆಕ್ಷೇಪದ ಫಾಲ್ಡೀಕ್ ಎಂದೇ ಅವನಿಗೆ ಹೆಸರು. ಮಧ್ಯಸ್ಥನೂ ಎದುರಾಳಿ ವಕೀಲನೂ ಚಿಕ್ಕಂದಿನಲ್ಲಿ ಒಂದೇ ದೋಣಿಸಂಘದಲ್ಲಿ ಹುಟ್ಟು ಹಾಕಿದ್ದರು ಅಂತ ಹೇಳಿ ಒಬ್ಬರನ್ನು ಎಬ್ಬಿಸಿ ಕಳಿಸಿದವನು ಅವನು.

ಟಿಮ್ಮರ್ಲೋ ಕಡೆಯ ವಕೀಲೆ ಮೇರೆಟ್ ಓಲ್ಡೆಕೋಪ್. ಆ ಹೆಸರು ಕೇಳಿದಾಗ ತೆಲ್ಸೆ ಫೋನು ಹಿಡಿದ ಕೈ ಬದಲಾಯಿಸಿದಳು.

ಮಧ್ಯಸ್ಥರಾಗಿ ಕೂರುವ ಮುಂಚೆ ಒಂದು ಕಟ್ಟಳೆ ಇದೆ. ಎರಡು ಕಡೆಯವರಲ್ಲಿ, ಅವರ ವಕೀಲರಲ್ಲಿ, ಯಾರೊಡನೆಯಾದರೂ ನಂಟು, ಸ್ನೇಹ, ಹಗೆ, ಪಾಲುದಾರಿಕೆ ಏನಿದ್ದರೂ ಮೊದಲೇ ಬಿಚ್ಚಿ ಹೇಳಿಬಿಡಬೇಕು. ತನಗೆ ಏನೂ ಅನ್ನಿಸದಿದ್ದರೂ ಸರಿ, ಎದುರಿನವರ ಮನಸ್ಸಿನಲ್ಲಿ ಮುಳ್ಳಾಗಬಹುದಾದ್ದೆಲ್ಲ ಹೇಳಬೇಕು. ತೆಲ್ಸೆ ಹೇಳಿದಳು: ಮೇರೆಟ್‌ಳ ತಂದೆ ಯುಸ್ಟಸ್ ಓಲ್ಡೆಕೋಪ್ ಅವರನ್ನು ಬಲ್ಲೆ, ಎಷ್ಟೋ ಸಲ ಅವರಿಗೆ ಎದುರು ನಿಂತು ವಾದ ಮಾಡಿದ್ದೇನೆ, ಹೋದ ವರ್ಷ ಅವರ ಮಣ್ಣಿಗೆ ಹೋಗಿದ್ದೆ. ಈ ಊರಿನಲ್ಲಿ ಯಾವ ವಕೀಲ ಯಾವ ವಕೀಲನ ಮಣ್ಣಿಗೆ ಹೋಗಿಲ್ಲ? ಫಾಲ್ಡೀಕ್ ಕೂಡ ಹೋಗಿದ್ದ. ಯಾರೂ ತಕರಾರು ತೆಗೆಯಲಿಲ್ಲ.

ಅವಳು ಹೇಳದೆ ಬಿಟ್ಟದ್ದು ಒಂದಿತ್ತು. ಬಚ್ಚಿಡಬೇಕು ಅಂತಲ್ಲ. ಅದು ನಂಟಲ್ಲ, ಸ್ನೇಹವಲ್ಲ, ಪಾಲುದಾರಿಕೆಯಂತೂ ಅಲ್ಲವೇ ಅಲ್ಲ. ಯಾವ ಪ್ರಶ್ನೆಗೂ ಅದು ಉತ್ತರವಾಗುತ್ತಿರಲಿಲ್ಲ.

ನಡೆದದ್ದು ಅವಳು ವಕೀಲಿಗೆ ಸೇರಿದ ಮೊದಲ ಚಳಿಗಾಲದಲ್ಲಿ. ಅವಳ ಹಿರಿಯ ವಕೀಲರು ಬೇಂಕೆ ಅಂತ. ಅವರಿಗೆ ವಿಚಾರಣೆಯ ದಿನ ಬೆಳಿಗ್ಗೆಯೇ ಪಿತ್ತಕೋಶದ ಕಲ್ಲು ಕಾಟ ಕೊಟ್ಟು ಆಸ್ಪತ್ರೆ ಸೇರಿದರು. ಮಂಚದ ಮೇಲಿಂದಲೇ ಕಡತ ನೂಕಿ, ನೀನೇ ಹೋಗು ಅಂದರು. ಒಣ ದ್ರಾಕ್ಷಿಯ ಮಧ್ಯಸ್ಥಿಕೆ ಅದು. ವರ್ತಕರ ಸಭಾಭವನದಲ್ಲಿ ಓಕ್ ಮರದ ದೊಡ್ಡ ಮೇಜು, ಅದರ ಹಿಂದೆ ಮೂವರು ಮುದುಕರು. ಅವಳು ಬಾಗಿಲು ತಳ್ಳಿ ಒಳಗೆ ಬಂದದ್ದೇ ತಡ, ನಡುವೆ ಕೂತವರು ಕನ್ನಡಕದ ಮೇಲಿನಿಂದ ನೋಡಿ, ಕಿಟಕಿಯ ಹತ್ತಿರ ಗೋಡೆಗೆ ಒತ್ತಿದ್ದ ಚಿಕ್ಕ ಮೇಜಿನ ಕಡೆ ಬೆರಳು ತೋರಿಸಿದರು. ಅಲ್ಲಿ ಕೂತ್ಕೋಮ್ಮ, ಪೆನ್ಸಿಲ್ ಅಲ್ಲೇ ಇವೆ ಅಂದರು. ಶೀಘ್ರಲಿಪಿ ಬರೆಯುವ ಹುಡುಗಿ ಅಂದುಕೊಂಡಿದ್ದರು. ಅಲ್ಲ, ನಾನು ವಕೀಲೆ ಅಂತ ಹೇಳಬೇಕಿತ್ತು. ಮುಂದೆ ಹಡಗು ಕಂಪನಿಗಳನ್ನೇ ನಡುಗಿಸಿದ ತೆಲ್ಸೆಗೆ ಅವತ್ತು ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಟ್ಟಿತು. ಹೋಗಿ ಕೂತಳು. ಕಡತವನ್ನು ತೊಡೆಯ ಮೇಲೆ ಇಟ್ಟುಕೊಂಡಳು.

ಆಮೇಲೆ ಎದುರು ಪಕ್ಷದ ವಕೀಲ ಓಲ್ಡೆಕೋಪ್ ಬಂದರು. ಬಾಗಿಲ ಹತ್ತಿರ ನಿಂತು ಒಂದು ಸಲ ಕೋಣೆಯನ್ನೆಲ್ಲ ನೋಡಿದರು. ಅವಳ ತೊಡೆಯ ಮೇಲಿನ ಕಡತ ನೋಡಿದರು. ಯಾರನ್ನೂ ಬೈಯಲಿಲ್ಲ, ತಿದ್ದಲಿಲ್ಲ. ದೊಡ್ಡ ಮೇಜಿನ ಮುಂದೆ ತಮಗಾಗಿ ಹಾಕಿದ್ದ ಕುರ್ಚಿಯನ್ನು ಎರಡು ಕೈಯಲ್ಲೂ ಎತ್ತಿಕೊಂಡು, ಕೋಣೆ ದಾಟಿ, ಕಿಟಕಿಯ ಹತ್ತಿರದ ಚಿಕ್ಕ ಮೇಜಿಗೆ ತಂದು, ಅವಳ ಎದುರಿಗೆ ಇಟ್ಟುಕೊಂಡು ಕೂತರು.

"ಎಲ್ಲಿಗೆ ಹೊರಟ್ರಿ ಓಲ್ಡೆಕೋಪ್?" ಅಂತ ಅಧ್ಯಕ್ಷರು ಕೇಳಿದರು.

"ಎದುರು ಪಕ್ಷದ ವಕೀಲರು ಇಲ್ಲಿ ಕೂತಿದ್ದಾರಲ್ಲ. ನಾನು ಗೋಡೆ ಜೊತೆ ವಾದ ಮಾಡೋಕಾಗುತ್ತಾ?"

ಮೂವರು ಮುದುಕರಿಗೂ ಬೇರೆ ದಾರಿ ಇರಲಿಲ್ಲ. ಕೆಮ್ಮುತ್ತಾ, ಗೊಣಗುತ್ತಾ, ತಮ್ಮ ಭಾರದ ಕುರ್ಚಿಗಳನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ವಿಚಾರಣೆ ಅಲ್ಲೇ ನಡೆಯಿತು. ಅದರಲ್ಲಿ ಓಲ್ಡೆಕೋಪ್ ಅವಳನ್ನು ಒಗೆದು ಹಿಂಡಿ ಒಣಹಾಕಿದರು. ಒಂದು ಮಾತಿಗೂ ರಿಯಾಯಿತಿ ಕೊಡಲಿಲ್ಲ, ಒಂದು ತಪ್ಪನ್ನೂ ನೋಡದ ಹಾಗೆ ಬಿಡಲಿಲ್ಲ. ತೆಲ್ಸೆ ಸೋತಳು. ಸೋತು ಮೆಟ್ಟಿಲಿಳಿಯುವಾಗ ಅವಳಿಗೆ ಅಳು ಬರಲಿಲ್ಲ, ಬೆನ್ನು ತಾನೇತಾನಾಗಿ ನೆಟ್ಟಗಾಗಿತ್ತು. ಅವತ್ತು ಅವರು ಪಾಪ ಅಂತ ಕೈ ಸಡಿಲ ಬಿಟ್ಟಿದ್ದರೆ ತಾನು ವಕೀಲೆಯಾಗುತ್ತಲೇ ಇರಲಿಲ್ಲ ಎನ್ನುವುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಥ್ಯಾಂಕ್ಸ್ ಅಂತ ಮಾತ್ರ ಯಾವತ್ತೂ ಹೇಳಲಿಲ್ಲ. ಅವರು ಅದು ನಡೆದೇ ಇಲ್ಲ ಅನ್ನುವ ಹಾಗೆ ಇದ್ದುಬಿಟ್ಟರು. ಈ ಊರಿನ ಹಳೆಯ ಜನ ಹಾಗೆಯೇ. ಉಪಕಾರ ಮಾಡಿದವರ ಎದುರು ಆ ಮಾತು ಎತ್ತಿದರೆ ಅವರೇ ಮುಜುಗರ ಪಟ್ಟುಕೊಳ್ಳುತ್ತಾರೆ. ಇವತ್ತಲ್ಲ ನಾಳೆ ಎನ್ನುತ್ತಾ ಇಬ್ಬರ ಕೂದಲೂ ಬೆಳ್ಳಗಾಯಿತು, ಆಮೇಲೆ ಅವರು ತೀರಿಕೊಂಡರು. ಸ್ಮಶಾನದ ಗೇಟಿನಲ್ಲಿ ಮೇರೆಟ್‌ಳ ಕೈ ಹಿಡಿದು ತೆಲ್ಸೆ ಹೇಳಿದ್ದು ಎಲ್ಲರೂ ಹೇಳುವ ಎರಡು ಮಾತು.

ಈ ಕತೆ ಗೊತ್ತಿದ್ದವನು ಅವಳ ಗಂಡ ಹಿನರ್ಕ್ ಒಬ್ಬನೇ. ಎಲ್ಬೆ ನದಿಯಲ್ಲಿ ಹಡಗುಗಳನ್ನು ದಾರಿ ತಪ್ಪದಂತೆ ಒಳಗೆ ಕರೆತರುವ ಪೈಲಟ್ ಆಗಿದ್ದವನು, ಈಗ ನಿವೃತ್ತ. ಅಧ್ಯಕ್ಷೆಯಾಗಲು ಒಪ್ಪುವ ಮುಂಚೆ ತೆಲ್ಸೆ ಅವನನ್ನು ಕೇಳಿದ್ದಳು, ಇದನ್ನೂ ಹೇಳಬೇಕೇನೋ ಅಂತ. ಅವನು ಆಲೂಗಡ್ಡೆ ಸುಲಿಯುತ್ತಿದ್ದ.

"ಹೇಳು. ಹಾಗೇ ಓಲ್ಡೆಕೋಪ್ ಅವರ ಮೂಗು ಚೆನ್ನಾಗಿತ್ತು ಅಂತಾನೂ ಸೇರಿಸು" ಅಂದ.

"ತಮಾಷೆ ಬೇಡ ಕಣೋ."

"ತಮಾಷೆ ಅಲ್ಲ ಕಣೆ. ನಿನಗೆ ಈ ಊರಲ್ಲಿ ಒಳ್ಳೇದು ಮಾಡಿದವರನ್ನೆಲ್ಲ ಹೇಳ್ತಾ ಹೋದ್ರೆ, ಬಾಳೆಹಣ್ಣಿನ ಮಾತು ಬರೋಷ್ಟರಲ್ಲಿ ಫಾಲ್ಡೀಕ್‌ಗೂ ವಯಸ್ಸಾಗಿರುತ್ತೆ."

ಅದೂ ನಿಜವೇ. ಬೇಂಕೆ ಅವರ ಟೈಪಿಸ್ಟು ರಾತ್ರೋರಾತ್ರಿ ತಪ್ಪು ತಿದ್ದಿಕೊಟ್ಟಿದ್ದಳು. ಮಗು ಸಣ್ಣದಿದ್ದಾಗ ಪಕ್ಕದ ಮನೆ ಮೀನಿನಂಗಡಿಯಾಕೆ ನೋಡಿಕೊಂಡಿದ್ದಳು. ಒಳ್ಳೆಯದು ಮಾಡಿದವರ ಬಗ್ಗೆಯೆಲ್ಲ ಪ್ರಕಟಣೆ ಹೊರಡಿಸಿದರೆ ಯಾರೂ ಯಾರಿಗೂ ನ್ಯಾಯ ಹೇಳುವ ಹಾಗೇ ಇರುವುದಿಲ್ಲ. ತೆಲ್ಸೆ ಅಧ್ಯಕ್ಷೆಯಾಗಲು ಒಪ್ಪಿಕೊಂಡಳು. ಅವತ್ತು ಸಂಜೆ ಹುಮ್ಮಸ್ಸಿನಲ್ಲಿ ಪೆನ್ನಿಗೆ ಹೊಸ ಶಾಯಿ ಕೊಂಡಳು.

ಮೊದಲ ಸಭೆ ನವೆಂಬರಿನಲ್ಲಿ. ಕಿಟಕಿಯಾಚೆ ಕಾಲುವೆಯೂ ಇಟ್ಟಿಗೆಯ ಹಳೇ ಉಗ್ರಾಣಗಳೂ ಮಂಜಿನಲ್ಲಿ ಅರ್ಧ ಅಳಿಸಿಹೋಗಿದ್ದವು. ಯಾರು ಯಾವಾಗ ಏನು ಸಲ್ಲಿಸಬೇಕು ಅಂತ ಗೊತ್ತುಮಾಡುವ ಸಭೆ ಅಷ್ಟೇ. ತೆಲ್ಸೆಯ ಬಲಗಡೆ ಬ್ರೇಮನ್ನಿನ ಪ್ರೊಫೆಸರ್ ಐಲರ್ಟ್ ಫೋಕೆನ್, ಎಡಗಡೆ ಲ್ಯೂಬೆಕ್ಕಿನ ಹಳೆಯ ನ್ಯಾಯಾಧೀಶರೊಬ್ಬರು. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಕೊನೆಗೆ ಮೇರೆಟ್ ಎದ್ದು ಒಂದು ವಾಯಿದೆ ಕೇಳಿದಳು. ಅವಳ ಕಡೆಯ ತಜ್ಞ, ಮಾಗಿಸುವ ಕೊಠಡಿಗಳ ಶಾಖ ಅಳೆಯುವವನು, ಸೈಕಲ್ಲಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ. ಎರಡು ವಾರ ಹೆಚ್ಚಿಗೆ ಕೊಟ್ಟರೆ ಅವನೇ ವರದಿ ಮುಗಿಸುತ್ತಾನೆ.

ಇಂಥದ್ದಕ್ಕೆ ತೆಲ್ಸೆ ತನ್ನ ಜೀವಮಾನದಲ್ಲಿ ಇಲ್ಲ ಅಂದವಳಲ್ಲ. ಆಕ್ಷೇಪದ ಫಾಲ್ಡೀಕ್ ಕೂಡ ಭುಜ ಕುಣಿಸಿ, ನಮ್ಮದೇನೂ ಇಲ್ಲ, ಅಧ್ಯಕ್ಷರಿಗೆ ಬಿಟ್ಟದ್ದು ಅಂದ. ತೆಲ್ಸೆ ಮೇರೆಟ್‌ಳ ಮುಖ ನೋಡಿದಳು. ಅದೇ ಉದ್ದ ಗಲ್ಲ, ಅದೇ ಮಾತು ಮುಗಿಸಿ ತುಟಿ ಬಿಗಿಯುವ ರೀತಿ. ಎದೆಯಲ್ಲಿ ಏನೋ ಬೆಚ್ಚಗೆ ಮೇಲೆದ್ದಿತು. ಅದು ಮೇಲೆದ್ದದ್ದೇ ಅವಳಿಗೆ ಭಯವಾಯಿತು.

"ಆಗಲ್ಲ" ಅಂದಳು. "ಬೇರೆ ತಜ್ಞರನ್ನ ನೋಡ್ಕೊಳ್ಳಿ. ತಾರೀಖು ತಾರೀಖೇ."

ಮೇರೆಟ್ ಕೂತು ಬರೆದುಕೊಂಡಳು.

ಮೆಟ್ಟಿಲಿಳಿಯುವಾಗ ಪ್ರೊಫೆಸರ್ ಫೋಕೆನ್ ಪಕ್ಕಕ್ಕೆ ಬಂದರು. ಅವರದು ಸಮುದ್ರದಂಚಿನ ಫ್ರೀಸಿಯಾ ಸೀಮೆ. ಚಹಾ ಎಲೆಯ ರಸ ಇಳಿಯುವವರೆಗೆ ಕಾಯುವ ಹಾಗೆ ಮಾತಿಗೂ ಕಾಯುವ ಜನ ಅವರು. ಅರ್ಧ ಮಹಡಿ ಇಳಿದ ಮೇಲೆ ಬಾಯಿ ತೆರೆದರು.

"ನೀವು ಇಷ್ಟು ಬಿಗಿ ಅಂತ ನನಗೆ ಗೊತ್ತಿರ್ಲಿಲ್ಲ, ಬ್ರೋಡರ್ಸನ್ ಅವರೇ. ನಾವಿಬ್ಬರೂ ಕೂತಿದ್ದ ಆ ಲೇವಾದೇವಿ ಮನೆಯವರ ವ್ಯಾಜ್ಯದಲ್ಲಿ ವಕೀಲನ ನಾಯಿಗೆ ಹುಷಾರಿಲ್ಲ ಅಂದಾಗ್ಲೂ ವಾಯಿದೆ ಕೊಟ್ಟಿದ್ರಿ."

"ಒಳ್ಳೇ ನಾಯಿ ಅದು" ಅಂತ ತೆಲ್ಸೆ ಹಾರಿಕೆಯ ಉತ್ತರ ಕೊಟ್ಟಳು.

ಅವರು ನಕ್ಕು, ಟೋಪಿ ಮುಟ್ಟಿ, ರೈಲಿಗೆ ಹೋದರು. ತೆಲ್ಸೆ ಮನೆಗೆ ನಡೆದೇ ಬಂದಳು. ಬರಬರುತ್ತಾ ಅವಳಿಗೆ ತಾನು ಮಾಡಿದ್ದು ಏನು ಅಂತ ತಿಳಿಯುತ್ತಾ ಹೋಯಿತು. ಓಲ್ಡೆಕೋಪ್ ಅವರ ಮಗಳ ಕಡೆ ವಾಲಿಬಿಟ್ಟೇನು ಅಂತ ಹೆದರಿ, ಊರಿನ ಯಾವ ವಕೀಲನಿಗಾದರೂ ಕೊಡುತ್ತಿದ್ದುದನ್ನು ಅವಳಿಗೆ ಮಾತ್ರ ಕೊಡಲಿಲ್ಲ. ಇವತ್ತು ಎರಡು ವಾರ. ನಾಳೆ ಸಾಕ್ಷಿ, ನಾಡಿದ್ದು ಇಡೀ ತೀರ್ಪು. ಬಾಳೆಹಣ್ಣು ಬೂದಿಯಾದದ್ದು ಯಾರ ತಪ್ಪಿನಿಂದ ಎಂದು ತೂಗುವಾಗ ಪ್ರತಿ ಸಲವೂ ತಕ್ಕಡಿಯ ಮೇಲೆ ಅವಳ ಕೈ ಇರುತ್ತದೆ. ಉಪಕಾರದ ನೆನಪು ಮೆಲ್ಲಗೆ ಅನ್ಯಾಯದ ರೂಪ ತಾಳಿ ಒಳಗೆ ಬಂದು ಕೂತಿತ್ತು, ಅದನ್ನು ಅವಳೇ ಬಾಗಿಲು ತೆಗೆದು ಕರೆದಿದ್ದಳು.

ಹಿನರ್ಕ್ ಸೊಪ್ಪಿನ ಪಲ್ಯಕ್ಕೆ ಹೊಗೆ ಹಾಕಿದ ಸಾಸೇಜು ಸೇರಿಸಿ ಒಲೆಯ ಮೇಲಿಟ್ಟಿದ್ದ. ಸಭೆಯೊಳಗೆ ನಡೆದದ್ದನ್ನು ಹೇಳುವಂತಿಲ್ಲ. ಒಂದು ಕಡೆ ವಾಲಬಾರದು ಅಂತ ಇನ್ನೊಂದು ಕಡೆ ವಾಲಿಬಿಟ್ಟೆ ಕಣೋ ಅಂತಷ್ಟೇ ಹೇಳಿದಳು. ಅವನಿಗೆ ಅಷ್ಟೇ ಸಾಕಾಯಿತು.

"ಆ ಮರದ ದಿಮ್ಮಿ ತುಂಬಿದ್ದ ಹಡಗು ನೆನಪಿದೆಯಾ? ಕಪ್ತಾನನಿಗೆ ಎಡಗಡೆ ಮರಳುದಿಬ್ಬದ ಭಯ. ನಾನು ಬೇಡ ಬೇಡ ಅಂತಿದ್ರೂ ಬಲಕ್ಕೆ ಎಳೀತಾ ಎಳೀತಾ ಹಸು ಮೇಯೋ ಹುಲ್ಲಿಗೆ ಹೋಗಿ ಹತ್ತಿಸಿದ. ಹಸುಗಳು ನಮ್ಮನ್ನ ನೋಡಿದ ನೋಟ ಇದೆಯಲ್ಲ."

"ಆಮೇಲೆ ಏನು ಮಾಡಿದ್ರಿ?"

"ಏನು ಮಾಡೋದು? ನಿಂತುಬಿಟ್ಟಿದೀವಿ ಅಂತ ರೇಡಿಯೋದಲ್ಲಿ ಎಲ್ಲರಿಗೂ ಹೇಳಿದ್ವಿ. ಹೇಳದೆ ಸುಮ್ನಿದ್ರೆ ಹಿಂದಿನ ಹಡಗು ಬಂದು ಗುದ್ದುತ್ತೆ."

ತೆಲ್ಸೆ ಚಮಚ ಕೆಳಗಿಟ್ಟಳು. ಹೇಳಿದರೆ ಏನಾಗುತ್ತದೆ ಅನ್ನುವುದು ಕಣ್ಣೆದುರಿಗೇ ಇತ್ತು. ಆಕ್ಷೇಪದ ಫಾಲ್ಡೀಕ್‌ಗೆ ಅದು ಹಬ್ಬದೂಟ. ದೋಣಿಸಂಘದ ನೆಪಕ್ಕೇ ಒಬ್ಬರನ್ನು ಎಬ್ಬಿಸಿ ಕಳಿಸಿದವನು ಇದನ್ನು ಬಿಟ್ಟಾನೆಯೇ. ಕೊನೆಯ ತೀರ್ಪು ಹೋಯಿತು. ಅವಳ ವಯಸ್ಸಿಗೆ ಇನ್ನೊಂದು ಬರುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದೂ ಇಲ್ಲ, ಒಣ ದ್ರಾಕ್ಷಿಯ ದಿನ ಆ ಕೋಣೆಯಲ್ಲಿದ್ದವರೆಲ್ಲ ತೀರಿಹೋಗಿ ಅವಳೊಬ್ಬಳೇ ಉಳಿದಿದ್ದಾಳೆ.

ಮರುದಿನ ಎರಡು ಕಡೆಯವರಿಗೂ ಇನ್ನೊಂದು ಸಭೆಯ ಕರೆ ಹೋಯಿತು.

ಸಭೆಯ ದಿನ ಬೆಳಿಗ್ಗೆ ಮಂಜು ಹರಿದು ಚಳಿಬಿಸಿಲು ಬಂದಿತ್ತು. ಎಲ್ಲರೂ ಕೂತ ಮೇಲೆ ತೆಲ್ಸೆ ಮೊದಲು ತನ್ನ ಆಜ್ಞೆಯನ್ನು ತಾನೇ ತಿದ್ದಿದಳು. ತಜ್ಞನ ವರದಿಗೆ ಕೇಳಿದ್ದ ಎರಡು ವಾರ ಕೊಟ್ಟಿದೆ, ಮೊನ್ನೆ ಕೊಡದೆ ಇದ್ದದ್ದು ತಪ್ಪು. ಆಮೇಲೆ, ಆ ತಪ್ಪು ಯಾಕಾಯಿತು ಅಂತ ಹೇಳುವುದಕ್ಕೇ ನಿಮ್ಮನ್ನೆಲ್ಲ ಕರೆಸಿದ್ದು ಅಂದು ಶುರುಮಾಡಿದಳು. ಒಣ ದ್ರಾಕ್ಷಿಯ ಚಳಿಗಾಲ, ಕಿಟಕಿಯ ಹತ್ತಿರದ ಮೇಜು, ಪೆನ್ಸಿಲ್, ಕುರ್ಚಿ ಎತ್ತಿಕೊಂಡು ಕೋಣೆ ದಾಟಿದ ಮನುಷ್ಯ. ಏನನ್ನೂ ಹೆಚ್ಚಿಸಲಿಲ್ಲ, ಸಾಕ್ಷಿ ಹೇಳುವವರು ಹೇಳಬೇಕಾದ ಹಾಗೆ ಕಂಡದ್ದನ್ನು ಕಂಡಷ್ಟು ಹೇಳಿದಳು. ಅವರು ಅವತ್ತು ನನ್ನನ್ನ ಪೂರ್ತಿ ಸೋಲಿಸಿದರು ಅನ್ನುವುದನ್ನೂ ಸೇರಿಸಿದಳು.

"ನಾನು ಅವರಿಗೆ ಯಾವತ್ತೂ ಥ್ಯಾಂಕ್ಸ್ ಹೇಳಿಲ್ಲ" ಎಂದಳು. "ಆ ಭಾರ ಇಟ್ಕೊಂಡು ಅವರ ಮಗಳ ಮುಂದೆ ನ್ಯಾಯ ಹೇಳೋಕೆ ಕೂತಿದೀನಿ. ನನ್ನ ಮಟ್ಟಿಗೆ ಇದನ್ನ ನಿಭಾಯಿಸಬಲ್ಲೆ ಅಂತ ಅಂದ್ಕೊಂಡಿದ್ದೆ. ಮೊನ್ನೆ ನೋಡಿದ್ರಲ್ಲ. ಇನ್ನು ಮುಂದೆ ಬಲ್ಲೆ ಅಂತ ಈಗಲೂ ಅನ್ನಿಸುತ್ತೆ. ಆದರೆ ಅದನ್ನ ಹೇಳಬೇಕಾದವರು ನೀವು, ನಾನಲ್ಲ."

ಎಲ್ಲರೂ ಫಾಲ್ಡೀಕ್ ಕಡೆ ತಿರುಗಿದರು. ಅವನು ತನ್ನ ಕಕ್ಷಿದಾರರ ಜೊತೆ ಹೊರಗೆ ಹೋಗಿ ಮಾತಾಡಿಕೊಂಡು ಬಂದ. ಬಂದು ಕತ್ತಿನ ಪಟ್ಟಿ ಸರಿಮಾಡಿಕೊಂಡ.

"ನಮ್ಮ ಕಡೆಯಿಂದ ಆಕ್ಷೇಪ ಇಲ್ಲ" ಅಂದ.

ಪ್ರೊಫೆಸರ್ ಫೋಕೆನ್ ಅವರ ಹುಬ್ಬು ಮೇಲೆ ಹೋಯಿತು. ಲ್ಯೂಬೆಕ್ಕಿನವರು ಕಿವಿಯ ಯಂತ್ರ ಸರಿಮಾಡಿಕೊಂಡು, ಏನು ಹೇಳಿದರು ಅಂತ ಕೇಳಿದರು.

"ಆಕ್ಷೇಪ ಇಲ್ಲ ಅಂದೆ" ಅಂತ ಫಾಲ್ಡೀಕ್ ಸ್ವಲ್ಪ ಸಿಟ್ಟಿನಲ್ಲೇ ಇನ್ನೊಮ್ಮೆ ಹೇಳಿದ. "ಯಾಕೆ ಎಲ್ಲರೂ ಹೀಗೆ ನೋಡ್ತಿದೀರಿ? ಹೇಳದೆ ಇರೋರ ಮೇಲೆ ನಾನು ಆಕ್ಷೇಪ ತೆಗೀತೀನಿ. ಹೇಳಿದವರ ಮೇಲಲ್ಲ."

ತೆಲ್ಸೆಗೆ ಒಂದು ಗಳಿಗೆ ಎದೆ ಹಗುರವಾಯಿತು. ತೀರ್ಪು ಉಳಿಯಿತು ಅಂದುಕೊಂಡಳು. ಶಾಯಿ ತುಂಬಿದ ಪೆನ್ನಿನ ನೆನಪೂ ಬಂತು. ಮೇರೆಟ್ ಓಲ್ಡೆಕೋಪ್ ಕಡೆ ತಿರುಗಿ, ನಿಮ್ಮದು ಅಂದಳು. ಕೇಳಬೇಕು ಅಂತ ಕೇಳಿದ್ದು ಅಷ್ಟೇ. ತನಗೆ ಅನುಕೂಲವಾಗಿದ್ದನ್ನು ಯಾವ ವಕೀಲೆ ಬೇಡ ಅನ್ನುತ್ತಾಳೆ?

ಅಪ್ಪನ ಈ ಸಂಗತಿಯನ್ನು ಮೇರೆಟ್ ಮೊದಲ ಸಲ ಕೇಳುತ್ತಿದ್ದಳು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ಕಣ್ಣು ಒದ್ದೆಯಾಗಿತ್ತು, ಅದನ್ನು ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ಎದ್ದು ಎರಡೂ ಕೈಯನ್ನು ಮೇಜಿನ ಮೇಲೆ ಊರಿದಳು.

"ನಮ್ಮ ಆಕ್ಷೇಪ ಇದೆ" ಅಂದಳು.

ಫಾಲ್ಡೀಕ್‌ನ ಕೈಯಿಂದ ಪೆನ್ನು ಜಾರಿತು.

"ಬ್ರೋಡರ್ಸನ್ ಅವರೇ, ನಿಮಗಿಂತ ಒಳ್ಳೇ ಅಧ್ಯಕ್ಷರು ನಮಗೆ ಸಿಗೋದಿಲ್ಲ, ಅದು ನನಗೆ ಗೊತ್ತು" ಎಂದು ಮೇರೆಟ್ ಮುಂದುವರಿಸಿದಳು. "ನೀವು ಎರಡು ವಾರ ಇಲ್ಲ ಅಂದಾಗ ಯಾಕೆ ಅಂತ ನನಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು. ಇನ್ನು ಮುಂದೆ ನೀವು ನಮಗೆ ಒಂದು ಕೊಟ್ರೆ ಅಪ್ಪನಿಗೋಸ್ಕರ ಕೊಟ್ರಾ ಅಂತ ಕ್ರೋಗ್ ಕಡೆಯವರು ನೋಡ್ತಾರೆ. ಕೊಡದಿದ್ರೆ ಅಪ್ಪನ ಋಣಕ್ಕೆ ಹೆದರಿ ಕೊಡ್ಲಿಲ್ವಾ ಅಂತ ನನ್ನ ಕಕ್ಷಿದಾರರು ನೋಡ್ತಾರೆ. ಅವರು ನನ್ನನ್ನ ನಂಬಿ ಬಂದಿದ್ದಾರೆ. ನಿಮ್ಮ ಮೇಲಿನ ಗೌರವಕ್ಕೆ ಅಂತ ನಾನು ಸುಮ್ಮನಿದ್ರೆ ಅವರ ಕೆಲಸದಲ್ಲಿ ಕೈ ಸಡಿಲ ಬಿಟ್ಟ ಹಾಗಾಗುತ್ತೆ. ಅದು ನನ್ನಿಂದ ಆಗಲ್ಲ."

ಕೂತಳು. ತುಟಿ ಬಿಗಿಯಾಯಿತು.

ತೆಲ್ಸೆಗೆ ಮೊದಲು ಅನ್ನಿಸಿದ್ದು ಸಂಕಟವೇ. ಅದರ ಬೆನ್ನಿಗೇ ಇನ್ನೊಂದು ಭಾವ ಬಂತು, ಅದಕ್ಕೆ ಹೆಸರು ಹುಡುಕಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಎದುರಿಗೆ ಕೂತ ಈ ಹೆಂಗಸು, ಕಣ್ಣು ಒದ್ದೆ ಇಟ್ಟುಕೊಂಡೇ, ಒಂದು ಮಾತಿಗೂ ರಿಯಾಯಿತಿ ಕೊಡದೆ ಅವಳನ್ನು ಸೋಲಿಸಿದ್ದಳು. ಮುದುಕಿ, ಕೊನೆಯ ವ್ಯಾಜ್ಯ, ಪಾಪ ಅಂತ ಬಿಡಲಿಲ್ಲ. ಓಲ್ಡೆಕೋಪ್ ಮನೆತನದವರಿಂದ ತೆಲ್ಸೆಗೆ ಇದು ಎರಡನೆಯ ಸಲ ಸಿಕ್ಕ ಮರ್ಯಾದೆ. ಅವಳು ತಲೆಬಾಗಿ, ಆಕ್ಷೇಪವನ್ನು ಒಪ್ಪಿದ್ದೇನೆ, ಅಧ್ಯಕ್ಷ ಸ್ಥಾನದಿಂದ ಇಳಿದಿದ್ದೇನೆ ಅಂತ ಬರೆಸಿದಳು. ಹೊಸ ಅಧ್ಯಕ್ಷರು ಬರುವವರೆಗೆ ಪ್ರೊಫೆಸರ್ ಫೋಕೆನ್ ಮುಂದಿನದನ್ನು ನೋಡಿಕೊಳ್ಳುವುದಾಯಿತು.

ಕಾಗದ ಪತ್ರಗಳನ್ನು ಒಪ್ಪಿಸಿ ಕೋಟು ಹಾಕಿಕೊಂಡು ಹೊರಗೆ ಬಂದಾಗ ಮೇರೆಟ್ ಬಾಗಿಲಲ್ಲಿ ನಿಂತಿದ್ದಳು. ಕೈಚೀಲದ ಪಟ್ಟಿಯನ್ನು ತಿರುಚುತ್ತಿದ್ದಳು.

"ಕೋಪ ಬಂತಾ?" ಅಂತ ಕೇಳಿದಳು.

"ಹಸಿವಾಗಿದೆ" ಅಂದಳು ತೆಲ್ಸೆ. "ಒಂದು ಗಂಟೆ ಮುಂಚೆ ನಿಮ್ಮ ಜೊತೆ ಒಂದು ಕಪ್ ಕಾಫಿ ಕುಡಿದಿದ್ರೂ ಇವರು ನನ್ನನ್ನ ಎಬ್ಬಿಸಿ ಕಳಿಸ್ತಿದ್ರು. ಈಗ ನಾನು ಯಾರೂ ಅಲ್ಲ. ಬನ್ನಿ, ಮೀನು ತಿನ್ನೋಣ."

ಹಿಂದಿನಿಂದ ಫಾಲ್ಡೀಕ್ ಕೆಮ್ಮಿದ. ತಾನೂ ಬರಬಹುದೇ ಅಂತ ಅವನು ಕೇಳಿದ ರೀತಿ, ಶಾಲೆಯ ಆಟಕ್ಕೆ ಯಾವತ್ತೂ ಸೇರಿಸಿಕೊಳ್ಳದ ಹುಡುಗನ ಹಾಗಿತ್ತು.

"ನೀವು ಬಂದ್ರೆ ಮೀನಿನ ಮೇಲೂ ಆಕ್ಷೇಪ ತೆಗೀತೀರಿ" ಅಂದಳು ಮೇರೆಟ್.

"ಮುಳ್ಳಿನ ಮೇಲೆ ಮಾತ್ರ" ಅಂದ ಅವನು. ಮೂವರೂ ಬಂದರಿನ ಕಡೆ ನಡೆದರು.

ಹೋಟೆಲಿನಲ್ಲಿ ಹಂದಿಮಾಂಸದ ಚೂರು ಹಾಕಿ ಹುರಿದ ಚಪ್ಪಟೆ ಮೀನು ತಟ್ಟೆಯಂಚು ದಾಟಿ ಬಂತು. ಬಾಳೆಹಣ್ಣಿನ ಮಾತು ಮಾತ್ರ ಯಾರೂ ಎತ್ತಲಿಲ್ಲ, ಅಷ್ಟು ಎಚ್ಚರ ಮೂವರಿಗೂ ರಕ್ತದಲ್ಲೇ ಇತ್ತು. ಮೇರೆಟ್ ಅಪ್ಪನ ಬಗ್ಗೆ ಹೇಳಿದಳು. ಮನೆಯಲ್ಲಿ ಅವರಿಗೆ ಒಂದು ಮೊಳೆ ಹೊಡೆಯಲು ಬರುತ್ತಿರಲಿಲ್ಲವಂತೆ. ಚದುರಂಗದಲ್ಲಿ ಆರು ವರ್ಷದ ಮಗಳನ್ನೂ ಗೆಲ್ಲಲು ಬಿಡುತ್ತಿರಲಿಲ್ಲವಂತೆ. ಅಜ್ಜಿಯ ಹತ್ತಿರ ಹೋಗಿ ಅತ್ತರೆ, ಅವಳು ಅಳ್ತಾಳೆ ಅಂದ್ರೆ ಆಟ ಅರ್ಥವಾಗ್ತಿದೆ ಅಂತ ಅಪ್ಪ ಖುಷಿಪಡುತ್ತಿದ್ದರಂತೆ. ಹನ್ನೊಂದನೆಯ ವಯಸ್ಸಿನಲ್ಲಿ ಮೊದಲ ಸಲ ಗೆದ್ದಾಗ ಮಾತ್ರ ಅವತ್ತಿಡೀ ಸಂಜೆ ಬಂದವರಿಗೆಲ್ಲ ಹೇಳಿಕೊಂಡು ಓಡಾಡಿದ್ದರು.

"ನಿಮ್ಮ ವಿಷಯ ನಮಗೆ ಒಂದು ಸಲವೂ ಹೇಳ್ಲಿಲ್ಲ" ಅಂದಳು ಮೇರೆಟ್. "ನೀವೆಲ್ಲಾದ್ರೂ ವ್ಯಾಜ್ಯ ಗೆದ್ದಿರಿ ಅಂತ ಕೇಳಿದ್ರೆ ಮಾತ್ರ ಅವತ್ತು ಊಟಕ್ಕೆ ಇನ್ನೊಂದು ಆಲೂಗಡ್ಡೆ ಹಾಕಿಸ್ಕೋತಿದ್ರು. ಅಮ್ಮ ರೇಗಿಸ್ತಿದ್ಲು, ಎದುರಾಳಿ ಗೆದ್ರೆ ಇವರಿಗೆ ಹಸಿವು ಅಂತ. ಯಾಕೆ ಅಂತ ನನಗೆ ಇವತ್ತು ಗೊತ್ತಾಯ್ತು."

ತೆಲ್ಸೆ ಹಿಂಡುತ್ತಿದ್ದ ನಿಂಬೆಹಣ್ಣನ್ನು ತಟ್ಟೆಯಂಚಿಗೆ ಇಟ್ಟಳು. ಹೇಳಬೇಕಾದ್ದು ಅಲ್ಲಿ, ಆ ಊಟದ ಮೇಜಿನಲ್ಲಿ ಸಲೀಸಾಗಿ ಬಾಯಿಗೆ ಬಂತು. ಮೇರೆಟ್‌ಳ ಕೈಯ ಮೇಲೆ ಕೈಯಿಟ್ಟು, ಥ್ಯಾಂಕ್ಸ್ ಮಗಳೇ ಅಂದಳು. ಅಪ್ಪನಿಗಾ ನನಗಾ ಅಂತ ಮೇರೆಟ್ ಕೇಳಿದಳು. ಇಬ್ಬರಿಗೂ, ಇವತ್ತಿಗೆ ಹೆಚ್ಚು ನಿನಗೇ ಅಂದಳು ತೆಲ್ಸೆ. ಫಾಲ್ಡೀಕ್ ಮುಖ ತಿರುಗಿಸಿಕೊಂಡು ಬಹಳ ಹೊತ್ತು ಮುಳ್ಳು ಹುಡುಕಿದ.

ಸಂಜೆ ಮನೆಗೆ ಬಂದಾಗ ಹಿನರ್ಕ್ ಬಾಗಿಲು ತೆಗೆದು ಅವಳ ಮುಖ ನೋಡಿದ.

"ಏನೇ, ಹೊರಗೆ ಹಾಕಿದ್ರಾ?"

"ಹಾಕಿದ್ರು."

"ಆ ಫಾಲ್ಡೀಕ್ ತಾನೆ?"

"ಅವನಲ್ಲ" ಅಂದಳು ತೆಲ್ಸೆ, ಬೂಟು ಬಿಚ್ಚಲು ಗೋಡೆ ಹಿಡಿದುಕೊಂಡು. "ಅವನು ಒಳ್ಳೇ ಮನುಷ್ಯ ಕಣೋ, ಪಾಪ. ಭಾನುವಾರ ಊಟಕ್ಕೆ ಕರೆದಿದೀನಿ. ಮೇರೆಟ್ ಕೂಡ ಬರ್ತಾಳೆ. ನೀನು ಹಸುಗಳ ಕತೆ ಹೇಳು."

ಅವನು ಅವಳ ಕೋಟು ತೆಗೆದು ಮೊಳೆಗೆ ಹಾಕಿದ. ಮತ್ತೇನೂ ಕೇಳಲಿಲ್ಲ. ಭಾನುವಾರಕ್ಕೆ ಏನು ಅಡುಗೆ ಮಾಡುವುದು ಅಂತ ಇಬ್ಬರೂ ಯೋಚಿಸುತ್ತಾ ಅಡುಗೆಮನೆಗೆ ಹೋದರು.